ಮೂವತ್ತು ಸೆಕೆಂಡು

ಬೀದರಿನ ಚೌಬಾರಾದ ಬಗಲಲ್ಲಿ ನನ್ನ ಅಂಗಡಿ.
ಮದುವೆ, ಜವಳ, ಪಾಸ್‌ಪೋರ್ಟ್ ಸೈಜು,
ಎರಡೂ ಕಿವಿ ಕಾಣಬೇಕಾದ ಸರ್ಕಾರಿ ಮುಖ.
ಖಾಲಿ ಜಾಗದ ಫೋಟೋ ಬೇಕೆಂದು
ಈವರೆಗೆ ಯಾರೂ ಬಂದಿರಲಿಲ್ಲ.

ಪಾಸ್ಟರ್ ಜಯಶೀಲರು ಬಂದರು, ಕಂಕುಳಲ್ಲಿ ಹೆಲ್ಮೆಟ್ಟು:
"ಮುಂದಿನ ತಿಂಗಳ ಹೆಂಚು ಇಳಸ್ತೀವಿ, ಸ್ಲ್ಯಾಬ್ ಹಾಕ್ತೀವಿ.
ಅದಕ್ಕ ಮೊದಲ ಒಳಗಿಂದೆಲ್ಲಾ ಒಂದೇ ಫೋಟೋದಾಗ ಬರ್ಬೇಕು.
ಮಂದಿ ಬ್ಯಾಡ. ಬರೇ ಚರ್ಚು."

ಒಂದೇ ಫೋಟೋ ಎಂದರೆ ಹದಿನಾಲ್ಕರ ಲೆನ್ಸು.
ಹೈದರಾಬಾದಿನಿಂದ ಬಾಡಿಗೆಗೆ ಬಂತು, ಬಸ್ಸಿನಲ್ಲಿ, ಕಂಡಕ್ಟರನ ಮಡಿಲಲ್ಲಿ.
ಗೂಬೆಗಣ್ಣಿನ ಹಾಗೆ ಉಬ್ಬಿದ ಗಾಜು;
ಕೂತಲ್ಲಿಂದಲೇ ಎಡಗೋಡೆ ಬಲಗೋಡೆ ಎರಡನ್ನೂ ನೋಡುತ್ತದೆ,
ಹುಷಾರು ತಪ್ಪಿದರೆ ನನ್ನ ಚಪ್ಪಲಿಯನ್ನೂ.
ಮೂತಿ ಕೂದಲೆಳೆ ಮೇಲೆತ್ತಿದರೆ ಸಾಕು,
ಕಂಬಗಳು ಕುಡಿದವರಂತೆ ಒಳಕ್ಕೆ ವಾಲುತ್ತವೆ.
ಟ್ರೈಪಾಡಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕೊಳವೆ,
ಅದರೊಳಗೆ ಜೋಳದ ಕಾಳಿನಷ್ಟು ಗುಳ್ಳೆ.
ಅದು ನಡುವೆ ಬಂದು ನಿಲ್ಲುವವರೆಗೆ
ನಾನು ಉಸಿರು ಬಿಡಲಿಲ್ಲ.

ಟ್ಯೂಬ್‌ಲೈಟು ಆರಿಸಿದೆ, ಗೋಡೆಗೆಲ್ಲ ಪಾಚಿ ಹತ್ತಿಸುತ್ತಿತ್ತು.
ದಕ್ಷಿಣದ ಕಿಟಕಿಗೆ ಬಿಳೀ ಧೋತರ ಕಟ್ಟಿದೆ;
ಬಿಸಿಲು ಅದರಲ್ಲಿ ಸೋಸಿಕೊಂಡು
ಮಜ್ಜಿಗೆಯಾಗಿ ಒಳಗಿಳಿಯಿತು.
ಆದರೂ ಈ ಕೆಂಪು ಕಲ್ಲು!
ತೂತುತೂತು ಮೈ, ಎಷ್ಟು ಬೆಳಕು ಸುರಿದರೂ ಹೀರಿ
ಇನ್ನಷ್ಟು ಎನ್ನುತ್ತದೆ.
ಜಂತಿಯ ಸಂದಿಗೆ, ಹಾರ್ಮೋನಿಯಂ ಪೆಟ್ಟಿಗೆಗೆ,
ಹೋದ ಭಾನುವಾರದ ಹಾಡಿನ ನಂಬರು ಅಳಿಸದ ಹಲಗೆಗೆ
ಬೇರೆ ಬೇರೆಯಾಗಿ ಬೆಳಕು ಉಣಿಸಬೇಕು.
ಕಪ್ಪಂಗಿ ತೊಟ್ಟು, ಟಾರ್ಚು ಹಿಡಿದು
ಗೋಡೆಗುಂಟ ಬಳಿಯುತ್ತ ನಡೆಯುತ್ತೇನೆ.
ಶಟರು ಮೂವತ್ತು ಸೆಕೆಂಡು ತೆರೆದೇ ಇರುತ್ತದೆ.
ನಾನು ಫೋಟೋದಲ್ಲಿ ಬೀಳುವುದಿಲ್ಲ.
ನಡೆದದ್ದು ಹೋಗುತ್ತದೆ. ನಿಂತದ್ದು ಉಳಿಯುತ್ತದೆ.

ಇದನ್ನು ಗಂಟೆ ಬಾರಿಸುವ ಶಾದ್ರಕಪ್ಪನಿಗೆ ಹೇಳಬಾರದಿತ್ತು.

"ನಡುವ ಬಂದು ನಿಂತರ ನಾ ಬರ್ತೀನೇನ್ರಿ?"
"ಬರ್ತೀರಿ. ಅರ್ಧ."
"ಅರ್ಧ ಸಾಕು."

ಕಟಕಟೆಯ ಮುಂದೆ ಮೂಲೆ ಒಡೆದ ಒಂದು ಶಹಾಬಾದಿ ಫರಸಿ.
ಅದರ ಮೇಲೇ ನಿಂತು ಆತ ಉಂಗುರ ತೊಡಿಸಿದ್ದಂತೆ.
ಹುಮನಾಬಾದಿನ ಫೋಟೋದವನು ಅಂದು ಮೂವತ್ತಾರು ಸಲ ಬತ್ತಿ ಹೊಡೆದ;
ರೀಲು ಹಾಕುವುದನ್ನೇ ಮರೆತಿದ್ದ.

ಪಾಸ್ಟರಿಗೆ ಬೇಕಾದ್ದು ಮೊದಲು ತೆಗೆದಿಟ್ಟೆ.
ಅಷ್ಟರಲ್ಲಿ ಎಸ್ತೇರಮ್ಮ ಬಂದರು, ಹಿತ್ತಾಳೆ ಕೆಟಲಿ ಹಿಡಿದು,
ಕಟಕಟೆಯ ಬುಡದಲ್ಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು.
ಶಟರು ತೆರೆದೆ.
ಶಾದ್ರಕಪ್ಪ ನಡೆದು ಹೋಗಿ ಫರಸಿಯ ಮೇಲೆ ಕಂಬವಾದ.
"ಬಾ, ಬಾಜೂಕ ನಿಲ್ಲು. ಅಲುಗ್ಯಾಡಬ್ಯಾಡ."
"ಯಾಕ? ಏನಾಗ್ಯದ ನಿಮಗ? ಚಹಾ ಆರ್ತದ.
ಈ ಖಿಡಕಿಗಿ ಧೋತರ ಯಾರ್ದು ಕಟ್ಟೀರಿ, ನಮ್ದೇನು?"
"ಸುಮ್ಮ ನಿಲ್ಲು ಅಂದೆ."
"ನಲವತ್ತೊಂದು ವರ್ಷ ನಿಂತೀನಿ, ಸಾಲಲಿಲ್ಲೇನು!"
ನಗು, ಸೆರಗು, ಹಿಂದೆ ತಿರುಗಿ ಪಾರಿವಾಳಕ್ಕೆ ಹುಶ್ಶ್.
ಇಪ್ಪತ್ತೆಂಟು. ಇಪ್ಪತ್ತೊಂಬತ್ತು.
ಟಕ್.

ರಾತ್ರಿ ಅಂಗಡಿಯ ಬಾಗಿಲು ಅರ್ಧ ಎಳೆದು ನೋಡಿದೆ.
ಕಂಬಗಳು ನೆಟ್ಟಗಿವೆ. ಕೆಂಪು ಕೆಂಪಾಗಿದೆ.
ಫರಸಿಯ ಮೇಲೆ ತೆಳ್ಳನೆ ಶಾದ್ರಕಪ್ಪ,
ಎದೆಯ ಆಚೆ ಹಿಂದಿನ ಬೆಂಚು ಕಾಣುತ್ತದೆ.
ಪಕ್ಕದಲ್ಲಿ ಯಾರೂ ಇಲ್ಲ.
ದೊಡ್ಡದು ಮಾಡಿದೆ, ಇನ್ನೂ ದೊಡ್ಡದು.
ಆತನ ತೋಳಿನ ಮೇಲೆ, ಅಂಗಿಯ ಮಡಿಕೆ ಹಿಡಿದ
ನಾಲ್ಕು ಬೆರಳು.
ಅಷ್ಟೆಲ್ಲ ಮಾತಿನ ನಡುವೆ ಆ ಕೈ ಮಾತ್ರ
ಎಲ್ಲಿಗೂ ಹೋಗಿರಲಿಲ್ಲ.

ಪ್ರಿಂಟು ಕೊಟ್ಟಾಗ ಎಸ್ತೇರಮ್ಮ ಕನ್ನಡಕ ಏರಿಸಿ ಹುಡುಕಿದರು.
"ನಾ ಎಲ್ಲಿದೀನಿ?"
ಬೆರಳು ತೋರಿಸೋಣ ಅಂದುಕೊಂಡೆ. ಯಾಕೋ ನಾಚಿಕೆಯಾಗಿ
ಕೆಟಲಿ ತೋರಿಸಿದೆ:
ಚೌಕಟ್ಟಿನ ಅಂಚಿಗೆ ಬಂದು, ಲೆನ್ಸಿಗೆ ಸಿಕ್ಕಿ
ಕುಂಬಳಕಾಯಿಯಷ್ಟು ಹಿಗ್ಗಿ, ಹೊಳೆಯುತ್ತಿತ್ತು.
"ಅದು ಚೆಂದ ಬಂದದ," ಅಂದರು.